ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುವಾಗ ದಿನಗಳು ನಿಜಕ್ಕೂ ಹೇಗಿರುತ್ತವೆ?

ಅಲೆಮಾರಿ_ಅಲೆ

ಎಲ್ಲರಿಗೂ ನಮಸ್ಕಾರ. ನವೆಂಬರ್ ಕೊನೆಯಲ್ಲಿ 42 ಅಡಿಯ ಒಂದು ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುವ ಅವಕಾಶ ಸಿಕ್ಕಿದೆ. ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಹೊರಟು ಕೆರಿಬಿಯನ್‌ನ ಸೇಂಟ್ ಲೂಸಿಯಾ ತಲುಪುವುದು. ಸುಮಾರು 2,700 ನಾಟಿಕಲ್ ಮೈಲಿ. ದೋಣಿಯ ಯಜಮಾನರು, ಅವರ ಹೆಂಡತಿ, ಅವರ ಸ್ನೇಹಿತರೊಬ್ಬರು, ಮತ್ತೆ ನಾನು. ನಾಲ್ಕೇ ಜನ.

ದಡದ ಹತ್ತಿರ ಹಾಯಿದೋಣಿ ಓಡಿಸಿ ಅಭ್ಯಾಸ ಇದೆ. ಹಾಯಿ ಏರಿಸುವುದು, ಇಳಿಸುವುದು, ಗಂಟು ಹಾಕುವುದು ಎಲ್ಲಾ ಬರುತ್ತದೆ. ಆದರೆ ದಡವೇ ಕಾಣದ ಕಡೆ ವಾರಗಟ್ಟಲೆ ಯಾವತ್ತೂ ಇದ್ದಿಲ್ಲ. ವಿಡಿಯೋ ನೋಡಿದರೆ ಒಂದೋ ಡಾಲ್ಫಿನ್ ಮತ್ತು ಸೂರ್ಯಾಸ್ತ, ಇಲ್ಲಾಂದ್ರೆ ಎದೆ ನಡುಗಿಸುವ ಅಲೆಗಳು. ಇವೆರಡೂ ಇಲ್ಲದ ಮಾಮೂಲಿ ದಿನವನ್ನು ಯಾರೂ ತೋರಿಸುವುದಿಲ್ಲ. ನನಗೆ ಬೇಕಾಗಿರುವುದು ಅದೇ.

ನಿದ್ದೆ ಹೇಗೆ ಮಾಡುತ್ತೀರಿ? ರಾತ್ರಿ ಒಬ್ಬರೇ ಎಚ್ಚರ ಇರಬೇಕಾದಾಗ ಏನು ಮಾಡುತ್ತೀರಿ? ವಾಂತಿ ಎಷ್ಟು ದಿನ ಕಾಡುತ್ತದೆ? ಊಟ, ನೀರು, ಸ್ನಾನ? ಅಷ್ಟು ಚಿಕ್ಕ ಜಾಗದಲ್ಲಿ ಮೂರು ವಾರ ನಾಲ್ಕು ಜನ ಇದ್ದರೆ ಜಗಳ ಆಗುವುದಿಲ್ಲವಾ? ಇನ್ನೊಂದು. ‘ನಡುನೀರಿನಲ್ಲಿ ಏನಾದರೂ ಆದರೆ ಯಾರು ಬರುತ್ತಾರೆ’ ಅಂತ ಅಮ್ಮ ಪದೇ ಪದೇ ಕೇಳುತ್ತಿದ್ದಾರೆ. ಅವರಿಗೆ ಸುಳ್ಳು ಸಮಾಧಾನ ಹೇಳಲು ನನಗೆ ಇಷ್ಟ ಇಲ್ಲ. ನಿಜವಾದ ಉತ್ತರ ಬೇಕು.

ದಾಟಿ ಬಂದವರು ದಯವಿಟ್ಟು ಬರೆಯಿರಿ. ಉದ್ದ ಆದರೂ ಪರವಾಗಿಲ್ಲ.

ನಸುಕಿನಪಾಳಿ

ಬಿರುಗಾಳಿಯ ಯೋಚನೆ ಸ್ವಲ್ಪ ಪಕ್ಕಕ್ಕಿಡಿ. ನಿದ್ದೆಯ ಬಗ್ಗೆ ಜಾಸ್ತಿ ಯೋಚಿಸಿ.

ನವೆಂಬರ್ ಕೊನೆಗೆ ಹೊರಡುವುದಕ್ಕೆ ಕಾರಣ ಇದೆ. ಅಟ್ಲಾಂಟಿಕ್‌ನ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಅದು ಮುಗಿಯುತ್ತಾ ಬಂದ ಹಾಗೆ ಈಶಾನ್ಯದ ವಾಣಿಜ್ಯ ಮಾರುತ ನೆಲೆಗೊಳ್ಳುತ್ತದೆ. ಎಆರ್‌ಸಿ ಅನ್ನುವ, ಹಾಯಿದೋಣಿಗಳೆಲ್ಲಾ ಒಟ್ಟಾಗಿ ಅಟ್ಲಾಂಟಿಕ್ ದಾಟುವ ಸಾಮೂಹಿಕ ಯಾನ 1986ರಿಂದ ಇದೇ ಸಮಯಕ್ಕೆ ಲಾಸ್ ಪಾಲ್ಮಾಸ್‌ನಿಂದ ಹೊರಡುವುದೂ ಇದೇ ಲೆಕ್ಕದಲ್ಲಿ. ಗಾಳಿ ಹೆಚ್ಚಿನ ದಿನ ಬೆನ್ನ ಹಿಂದಿನಿಂದ, 15ರಿಂದ 20 ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲಿ ವೇಗ ಅಂದರೆ ಒಂದು ನಾಟ್). ದೋಣಿ ಸರಾಸರಿ 6 ನಾಟ್ ಓಡಿದರೆ ದಿನಕ್ಕೆ 144 ಮೈಲಿ, ಅಂದರೆ ದಾಟಲು 19 ದಿನದ ಹತ್ತಿರ. ಗಾಳಿ ಬಿದ್ದರೆ ಇನ್ನೂ ನಾಲ್ಕೈದು ದಿನ ಸೇರಿಸಿಕೊಳ್ಳಿ.

ಇಷ್ಟು ದಿನವೂ ದೋಣಿ ನಿಲ್ಲುವುದಿಲ್ಲ. ಮೊದಲ ಸಲ ಹೋಗುವವರಿಗೆ ಇದು ಕೇಳಿ ಗೊತ್ತಿರುತ್ತದೆ, ಮೈಗೆ ಗೊತ್ತಿರುವುದಿಲ್ಲ. ಲಂಗರು ಹಾಕಿ ಮಲಗೋಣ ಅಂದರೆ ಕೆಳಗೆ ನಾಲ್ಕೈದು ಕಿಲೋಮೀಟರ್ ನೀರು. ಹಾಗಾಗಿ ಹಗಲೂ ರಾತ್ರಿಯೂ ಯಾರಾದರೂ ಒಬ್ಬರು ಮೇಲೆ ಇರಲೇಬೇಕು. ನಾಲ್ಕು ಜನ ಇದ್ದೀರಿ, ಒಳ್ಳೆಯದು. ರಾತ್ರಿ ಮೂರು ಮೂರು ಗಂಟೆಯ ಪಾಳಿ ಮಾಡಿಕೊಂಡರೆ ಒಬ್ಬರಿಗೆ ಒಂದೇ ಪಾಳಿ ಬರುತ್ತದೆ. ಕಾಗದದ ಮೇಲೆ ಒಂಬತ್ತು ಗಂಟೆ ಬಿಡುವು. ಆದರೆ ಆ ಬಿಡುವಿನಲ್ಲೇ ಹಾಯಿ ಬದಲಿಸಲು ಕೂಗುತ್ತಾರೆ, ಮಳೆ ಬಂತು ಕಿಟಕಿ ಮುಚ್ಚಿ ಅನ್ನುತ್ತಾರೆ, ಅಡುಗೆ ಇರುತ್ತದೆ. ಒಟ್ಟು ನಿದ್ದೆ ಸಾಕಷ್ಟು ಸಿಗುತ್ತದೆ, ಒಂದೇ ಸಲಕ್ಕೆ ಸಿಗುವುದಿಲ್ಲ. ಹಗಲು ಅರ್ಧ ಗಂಟೆ ಸಿಕ್ಕಿದರೂ ಮಲಗಿಬಿಡಿ. ಓದೋಣ, ಫೋಟೋ ತೆಗೆಯೋಣ ಅನ್ನುವ ಆಸೆ ಮೊದಲ ವಾರ ಬೇಡ.

ಮೊದಲ ಎರಡು ಮೂರು ರಾತ್ರಿ ನಿದ್ದೆ ಹತ್ತುವುದು ಕಷ್ಟ. ಗಾಳಿ ಹಿಂದಿನಿಂದ ಬಂದಾಗ ದೋಣಿ ಎಡಕ್ಕೂ ಬಲಕ್ಕೂ ಹೊರಳುತ್ತಲೇ ಇರುತ್ತದೆ. ತೊಟ್ಟಿಲ ಹಾಗೆ ತೂಗುತ್ತದೆ ಅಂದುಕೊಂಡಿದ್ದರೆ ಆ ಯೋಚನೆ ಬಿಡಿ. ತೊಟ್ಟಿಲಿಗೆ ಒಂದು ಲಯ ಇರುತ್ತದೆ, ಇಲ್ಲಿ ಎರಡು ಕಡೆಯಿಂದ ಬರುವ ಅಲೆಗಳು ಸೇರಿದಾಗ ಇದ್ದಕ್ಕಿದ್ದಂತೆ ಒಂದು ದೊಡ್ಡ ಹೊರಳು ಬಂದು ಮಲಗಿದವರನ್ನು ಎತ್ತಿ ಹಾಕುತ್ತದೆ. ಅದಕ್ಕೇ ಹಾಸಿಗೆಯ ಬದಿಗೆ ಬಟ್ಟೆಯ ತಡೆ ಕಟ್ಟುತ್ತಾರೆ. ಮುಂಭಾಗದ ಕೋಣೆ ನೋಡಲು ಚೆಂದ, ಮಲಗಲು ಆಗುವುದಿಲ್ಲ. ದೋಣಿಯ ನಡುವೆ, ತಗ್ಗಿನಲ್ಲಿ ಇರುವ ಹಾಸಿಗೆ ಸಿಕ್ಕಿದರೆ ಅದೇ ಒಳ್ಳೆಯದು. ಇನ್ನು ಸದ್ದು. ಗೋಡೆಯ ಆಚೆ ನೀರು ಹರಿಯುವ ಸದ್ದು, ಹಗ್ಗ ಬಿಗಿಯುವ ಕಿರುಗುಟ್ಟು, ಯಾವುದೋ ಕಪಾಟಿನಲ್ಲಿ ಒಂದೇ ಒಂದು ಲೋಟ ಟಣ್ ಟಣ್ ಅನ್ನುವುದು. ಆ ಲೋಟ ಸಿಗುವ ತನಕ ನಿದ್ದೆ ಬರುವುದಿಲ್ಲ. ಟವೆಲ್ಲು, ಕಾಲುಚೀಲ ಏನಾದರೂ ತುರುಕಿ ಸುಮ್ಮನಾಗಿಸಿ.

ರಾತ್ರಿ ಪಾಳಿಯಲ್ಲಿ ಕೆಲಸ ಸರಳ. ಸುತ್ತ ನೋಡಬೇಕು, ಗಾಳಿ ನೋಡಬೇಕು, ದಿಕ್ಕು ನೋಡಬೇಕು, ಗಂಟೆಗೊಮ್ಮೆ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಚುಕ್ಕಾಣಿಯನ್ನು ಆಟೋಪೈಲಟ್ ಅಥವಾ ವಿಂಡ್ ವೇನ್ ನೋಡಿಕೊಳ್ಳುತ್ತದೆ. ಹಾಗಂತ ಫೋನಿನಲ್ಲಿ ಮುಳುಗಬಾರದು. 20 ನಾಟ್‌ನಲ್ಲಿ ಎದುರಿನಿಂದ ಬರುವ ಹಡಗು ಎಂಟು ಮೈಲಿ ದೂರದಲ್ಲಿ ಕಂಡರೆ, ನಿಮ್ಮ 6 ನಾಟ್ ಸೇರಿಸಿ ಲೆಕ್ಕ ಹಾಕಿ, 18 ನಿಮಿಷದಲ್ಲಿ ಅದು ನಿಮ್ಮ ಮೇಲೆ ಇರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ಒಂದು ಸುತ್ತು ಪೂರ್ತಿ ನೋಡಿ. ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್ ಯಂತ್ರ ಇದೆ, ಅಲಾರಂ ಹೊಡೆಯುತ್ತದೆ, ನಿಜ. ಆದರೆ ಎಲ್ಲಾ ದೋಣಿಗಳಲ್ಲೂ ಎಐಎಸ್ ಇರುವುದಿಲ್ಲ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳಲ್ಲಿ 5ನೆಯದೇ ಇದು: ಕಣ್ಣು ಕಿವಿ ಎರಡರಿಂದಲೂ ಸದಾ ಕಾವಲು ಇರಬೇಕು.

ಒಳಗೆ ಕೆಂಪು ದೀಪ ಮಾತ್ರ ಹಾಕಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಬಿಳಿ ದೀಪ ಅದನ್ನು ಒಂದು ಕ್ಷಣದಲ್ಲಿ ಹಾಳು ಮಾಡುತ್ತದೆ. ಮುಂದಿನವರನ್ನು 15 ನಿಮಿಷ ಮೊದಲೇ ಎಬ್ಬಿಸಿ, ಬಿಸಿ ಏನಾದರೂ ಕೊಡಿ. ಅವರು ಮೇಲೆ ಬಂದು ಸುರಕ್ಷತೆಯ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಿಕೊಂಡು, ಕಣ್ಣು ತಿಳಿಯಾದ ಮೇಲೆ ನೀವು ಕೆಳಗಿಳಿಯಿರಿ.

ನನಗೆ ಇಷ್ಟವಾದದ್ದು ಮೂರರಿಂದ ಆರರ ಪಾಳಿ. ಡಿಸೆಂಬರಿನಲ್ಲಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜ ಸಂಜೆ ದೋಣಿಯ ಹಿಂದೆ ಪೂರ್ವದಲ್ಲಿ ಮೂಡಿ, ರಾತ್ರಿಯೆಲ್ಲಾ ತಲೆಯ ಮೇಲೆ ದಾಟಿ, ನಸುಕಿನ ಹೊತ್ತಿಗೆ ಸರಿಯಾಗಿ ಮುಂದೆ ಪಶ್ಚಿಮಕ್ಕೆ ಇಳಿದಿರುತ್ತದೆ. ನಾವು ಹೋಗುವ ದಾರಿಯೇ ಅದರ ದಾರಿ. ದಿಕ್ಸೂಚಿ ನೋಡುವುದನ್ನು ಬಿಟ್ಟು ಅದನ್ನೇ ನೋಡಿ ಹೋಗಬಹುದು, ಅಷ್ಟು ನಿಚ್ಚಳ. ಚಂದ್ರ ಇಲ್ಲದ ರಾತ್ರಿ ದೋಣಿ ಸೀಳಿದ ನೀರು ಹಸಿರಾಗಿ ಮಿನುಗುತ್ತದೆ. ಒಬ್ಬರೇ ಇರುವ ಭಯ ಎರಡನೇ ವಾರಕ್ಕೆ ಹೋಗಿರುತ್ತದೆ ಅನ್ನುವುದು ನನ್ನ ನಂಬಿಕೆ.

ಉಪ್ಪುನೀರು

ಅಡುಗೆ ನನ್ನ ವಿಭಾಗ. ನಾನು ಅದನ್ನೇ ಬರೆಯುತ್ತೇನೆ. ಆದರೆ ಮೊದಲು ವಾಂತಿ, ಯಾಕೆಂದರೆ ಅದು ಹೋಗದೆ ಅಡುಗೆಯ ಮಾತೇ ಇಲ್ಲ.

ಬಹಳ ಜನರಿಗೆ ಎರಡು ಮೂರು ದಿನದಲ್ಲಿ ಹಿಡಿತಕ್ಕೆ ಬರುತ್ತದೆ. ಮಾತ್ರೆಯನ್ನು ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಹೊರಡುವ ಕೆಲವು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಸಿನ್ನರಿಜಿನ್ ಮಾತ್ರೆ ಇದೆ, ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿ ಇದೆ, ಕೆಲವರಿಗೆ ಶುಂಠಿಯೇ ಸಾಕು. ಯಾವುದು ನಿಮಗೆ ಹೊಂದುತ್ತದೆ ಅಂತ ವೈದ್ಯರನ್ನು ಕೇಳಿ, ದಡದಲ್ಲೇ ಒಮ್ಮೆ ತೆಗೆದುಕೊಂಡು ನೋಡಿ. ಕೆಲವು ಮಾತ್ರೆಗೆ ತುಂಬಾ ನಿದ್ದೆ ಬರುತ್ತದೆ, ಪಾಳಿಯಲ್ಲಿ ಅದು ಅಪಾಯ. ಹೊಟ್ಟೆ ಕೆಟ್ಟಾಗ ಮೇಲೆ ಬಂದು ದಿಗಂತ ನೋಡುತ್ತಾ ಕೂತುಕೊಳ್ಳಿ, ಆದರೆ ಕಂಬಿಯಿಂದ ಆಚೆ ಬಗ್ಗಬೇಡಿ. ಬಕೆಟ್ ಇಟ್ಟುಕೊಳ್ಳಿ. ಬಗ್ಗಿದವರು ಬೀಳುತ್ತಾರೆ. ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ. ಕೆಳಗೆ ಹೋದರೆ ನಿಲ್ಲಬೇಡಿ, ನೇರ ಅಂಗಾತ ಮಲಗಿ ಕಣ್ಣು ಮುಚ್ಚಿ.

ಈ ಮೊದಲ ಮೂರು ದಿನದ ಊಟವನ್ನು ದಡದಲ್ಲೇ ಮಾಡಿಟ್ಟುಕೊಂಡು ಹೊರಡಿ. ಬಿಸಿ ಮಾಡಿ ಬಟ್ಟಲಿಗೆ ಹಾಕಿದರೆ ಆಯಿತು ಅನ್ನುವ ಹಾಗಿರಲಿ. ತಟ್ಟೆ ಬೇಡ. ಆಳವಾದ ಬಟ್ಟಲು, ಒಂದು ಚಮಚ. ಒಂದು ಕೈ ಯಾವಾಗಲೂ ದೋಣಿಯನ್ನು ಹಿಡಿದುಕೊಂಡಿರುತ್ತದೆ, ತಿನ್ನಲು ಉಳಿಯುವುದು ಒಂದೇ ಕೈ.

ಒಲೆಯನ್ನು ಎರಡು ಕೀಲಿನ ಮೇಲೆ ತೂಗುಹಾಕಿರುತ್ತಾರೆ. ದೋಣಿ ಹೊರಳಿದರೂ ಅದು ಮಟ್ಟಸವಾಗಿ ನಿಲ್ಲುತ್ತದೆ. ಪಾತ್ರೆ ಜಾರದಂತೆ ಹಿಡಿಗಳಿರುತ್ತವೆ. ಆದರೂ ಬಿಸಿನೀರು ಮೈಮೇಲೆ ಬೀಳುವ ಅಪಾಯ ದೊಡ್ಡದು. ಸುಟ್ಟ ಗಾಯಕ್ಕೆ ಅಲ್ಲಿ ಆಸ್ಪತ್ರೆ ಇಲ್ಲ. ಸೆಕೆ ಆದರೂ ಸರಿ, ನಾನು ಮಳೆಯ ಪ್ಯಾಂಟ್ ಹಾಕಿಕೊಂಡೇ ಅಡುಗೆ ಮಾಡುತ್ತೇನೆ. ಪ್ರೆಷರ್ ಕುಕ್ಕರ್ ಇದ್ದರೆ ಬೇರೆ ದೊಡ್ಡ ಪಾತ್ರೆ ಬೇಕಿಲ್ಲ. ಗ್ಯಾಸ್ ಉಳಿಯುತ್ತದೆ. ಮುಚ್ಚಳ ಕಚ್ಚಿಕೊಂಡಿರುವುದರಿಂದ ಕುಕ್ಕರ್ ಉರುಳಿ ಬಿದ್ದರೂ ಊಟ ನೆಲಕ್ಕೆ ಚೆಲ್ಲುವುದಿಲ್ಲ. ಲೋಟಕ್ಕೆ ಅರ್ಧದಷ್ಟೇ ಸುರಿಯಿರಿ.

ಸಾಮಾನು ತುಂಬುವುದೇ ಒಂದು ವಾರದ ಕೆಲಸ. ರಟ್ಟಿನ ಪೆಟ್ಟಿಗೆಗಳನ್ನು ದೋಣಿಗೆ ಏರಿಸಲೇಬೇಡಿ, ಅದರ ಮಡಿಕೆಗಳಲ್ಲಿ ಜಿರಳೆ ಮೊಟ್ಟೆ ಇರುತ್ತದೆ. ಎಲೆಕೋಸು, ಈರುಳ್ಳಿ, ಆಲೂಗಡ್ಡೆ, ಕುಂಬಳ ಕೊನೆಯ ದಿನದವರೆಗೂ ಬರುತ್ತವೆ. ಈರುಳ್ಳಿ ಆಲೂಗಡ್ಡೆ ಬೇರೆ ಬೇರೆ ಇಡಿ. ಟೊಮೆಟೊ ಹಸಿರಾಗಿರುವಾಗಲೇ ಕೊಳ್ಳಿ. ತೊಳೆಯದ, ಫ್ರಿಜ್ಜಿಗೆ ಇಡದ ಮೊಟ್ಟೆ ಸಿಕ್ಕಿದರೆ ಎರಡು ದಿನಕ್ಕೊಮ್ಮೆ ತಿರುಗಿಸಿಟ್ಟರೆ ವಾರಗಟ್ಟಲೆ ಚೆನ್ನಾಗಿರುತ್ತದೆ. ಬಾಳೆಗೊನೆ ಕಟ್ಟುವುದು ನೋಡಲು ಚೆಂದ, ಆದರೆ ಎಲ್ಲವೂ ಒಟ್ಟಿಗೆ ಹಣ್ಣಾಗುತ್ತವೆ. ಪ್ರತಿದಿನ ಎಲ್ಲಾ ತರಕಾರಿಯನ್ನೂ ಕೈಯಿಂದ ಮುಟ್ಟಿ ನೋಡಿ. ಕೊಳೆತದ್ದು ಒಂದಿದ್ದರೆ ಪಕ್ಕದ ನಾಲ್ಕನ್ನೂ ಕೆಡಿಸುತ್ತದೆ. ರಾತ್ರಿ ಪಾಳಿಗೆ ಬಿಸ್ಕತ್ತು, ಬೀಜಗಳು, ಚಾಕೊಲೇಟ್ ಹಾಕಿದ ಒಂದು ಡಬ್ಬ ಪ್ರತ್ಯೇಕವಾಗಿರಲಿ. ಅದರಲ್ಲಿ ಏನಿದೆ ಅನ್ನುವುದು ಬೆಳಗಿನ ಜಾವ ಮೂರು ಗಂಟೆಗೆ ಬಹಳ ದೊಡ್ಡ ವಿಷಯ.

ನೀರಿನ ಲೆಕ್ಕ ಹೀಗೆ. ಟ್ಯಾಂಕಿನಲ್ಲಿ 400 ಲೀಟರ್ ಅಂದುಕೊಳ್ಳಿ. ನಾಲ್ಕು ಜನ, 20 ದಿನ. ತಲೆಗೆ ದಿನಕ್ಕೆ 5 ಲೀಟರ್, ಅದರಲ್ಲಿ ಕುಡಿಯಲೇ 3 ಬೇಕು. ಉಪ್ಪುನೀರನ್ನು ಸಿಹಿ ಮಾಡುವ ವಾಟರ್‌ಮೇಕರ್ ಈಗ ಎಷ್ಟೋ ದೋಣಿಗಳಲ್ಲಿದೆ. ಅದು ಕೆಟ್ಟರೂ ದಡ ಮುಟ್ಟುವಷ್ಟು ನೀರು ಬಾಟಲಿಗಳಲ್ಲಿ ಬೇರೆಯೇ ಇರಬೇಕು. ಟ್ಯಾಂಕ್ ಸೋರಿದರೆ ಅಥವಾ ಒಳಗೆ ಉಪ್ಪುನೀರು ಸೇರಿದರೆ ಬಾಟಲಿಯೇ ಗತಿ. ಪಾತ್ರೆ ಸಮುದ್ರದ ನೀರಿನಲ್ಲೇ ತೊಳೆಯುತ್ತೇವೆ, ಕೊನೆಗೆ ಒಂದು ಚೂರು ಸಿಹಿನೀರು. ಸ್ನಾನವೂ ಹಾಗೆಯೇ. ಕಾಕ್‌ಪಿಟ್‌ನಲ್ಲಿ, ಅಂದರೆ ಚುಕ್ಕಾಣಿ ಹಿಡಿಯುವ ತೆರೆದ ಜಾಗದಲ್ಲಿ, ಕೂತು ಬಕೆಟ್‌ನಿಂದ ಉಪ್ಪುನೀರು, ಆಮೇಲೆ ಒಂದು ಲೀಟರ್ ಸಿಹಿನೀರು. ಆ ಒಂದು ಲೀಟರನ್ನು ಬಿಡಬೇಡಿ. ಮೈಮೇಲೆ, ಬಟ್ಟೆಯ ಮೇಲೆ ಉಪ್ಪು ಉಳಿದರೆ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಏನೂ ಒಣಗುವುದಿಲ್ಲ. ಕೂತ ಜಾಗದಲ್ಲಿ ಹುಣ್ಣಾಗುತ್ತದೆ. ಯಾರೂ ಹೇಳಿಕೊಳ್ಳುವುದಿಲ್ಲ, ಎಲ್ಲರಿಗೂ ಆಗುತ್ತದೆ.

ಶೌಚಾಲಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗಂಡಸರೂ ಕೂತೇ ಮಾಡಬೇಕು, ಇದು ಎಲ್ಲಾ ದೋಣಿಗಳ ನಿಯಮ. ಕಾಗದವನ್ನು ಒಳಗೆ ಹಾಕಬೇಡಿ, ಚೀಲದಲ್ಲಿ ಹಾಕಿ. ಕೊಳವೆ ಕಟ್ಟಿಕೊಂಡರೆ ಹೊರಳುವ ದೋಣಿಯಲ್ಲಿ ಯಾರೋ ಒಬ್ಬರು ಅದನ್ನು ಬಿಚ್ಚಬೇಕು.

ಕಸ: ಪ್ಲಾಸ್ಟಿಕ್ ಒಂದು ಚೂರೂ ಸಮುದ್ರಕ್ಕೆ ಹೋಗುವಂತಿಲ್ಲ, ಮಾರ್ಪೋಲ್ ಒಪ್ಪಂದ ಅದನ್ನು ಎಲ್ಲಾ ಕಡೆ ನಿಷೇಧಿಸಿದೆ. ಅನವಶ್ಯಕ ಪೊಟ್ಟಣಗಳನ್ನು ಬಂದರಿನಲ್ಲೇ ಬಿಚ್ಚಿ ಬಿಡಿ. ಉಳಿದದ್ದನ್ನು ಸಮುದ್ರದ ನೀರಿನಲ್ಲಿ ತೊಳೆದು ಒತ್ತಿ ಕಟ್ಟಿಡಿ. ತೊಳೆಯದಿದ್ದರೆ ಎರಡನೇ ವಾರಕ್ಕೆ ವಾಸನೆ ತಡೆಯಲು ಆಗುವುದಿಲ್ಲ.

ಗಂಟುಗಾರ

ಮೇಲಿನ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ನಾನು ದೋಣಿಯ ಕಡೆಯಿಂದ ಹೇಳುತ್ತೇನೆ.

ದೋಣಿಯನ್ನು ಬಿರುಗಾಳಿಗಿಂತ ಜಾಸ್ತಿ ತಿನ್ನುವುದು ಸವೆತ. ಐದು ಸೆಕೆಂಡಿಗೊಮ್ಮೆ ದೋಣಿ ಹೊರಳಿದರೂ ದಿನಕ್ಕೆ 17,000ಕ್ಕೂ ಹೆಚ್ಚು ಹೊರಳು. ಪ್ರತಿ ಹೊರಳಿಗೂ ಹಗ್ಗ ಅದೇ ರಾಟೆಯ ಮೇಲೆ, ಅದೇ ಜಾಗದಲ್ಲಿ ಉಜ್ಜುತ್ತದೆ. ಹಾಯಿ ಅದೇ ತಂತಿಗೆ ತಾಗುತ್ತದೆ. ಹೊಸ ಹಗ್ಗವೂ ಕೆಲವೇ ದಿನಗಳಲ್ಲಿ ಎಳೆ ಬಿಡುತ್ತದೆ. ಅದಕ್ಕೇ ಪ್ರತಿದಿನ ಬೆಳಗ್ಗೆ ಒಬ್ಬರು ಡೆಕ್ ಪೂರ್ತಿ ಒಂದು ಸುತ್ತು ಹಾಕಬೇಕು. ರಾತ್ರಿ ಬಂದು ಬಿದ್ದ ಹಾರುವ ಮೀನುಗಳನ್ನು ಹೆಕ್ಕುವ ನೆಪದಲ್ಲಾದರೂ ಸರಿ. ಎಲ್ಲಾದರೂ ಒಂದು ಸಣ್ಣ ಪಿನ್ನು, ಒಂದು ನಟ್ಟು ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಅದು ಮೇಲಿನಿಂದ ಬಂದದ್ದು, ಎಲ್ಲಿಂದ ಅಂತ ಗೊತ್ತಾಗುವ ತನಕ ಬೇರೆ ಕೆಲಸ ಬೇಡ. ಹಾಯಿ ಎತ್ತುವ ಹಗ್ಗವನ್ನು ದಿನಕ್ಕೆ ಒಂದು ಗೇಣು ಸಡಿಲಿಸಿ ಅಥವಾ ಬಿಗಿದು ಉಜ್ಜುವ ಜಾಗ ಬದಲಿಸಿ. ಇಷ್ಟು ಮಾಡಿದರೆ ಅರ್ಧ ತೊಂದರೆ ಬರುವುದೇ ಇಲ್ಲ. ನನಗೆ ಇದು ಬೇಸರದ ಕೆಲಸ ಅಲ್ಲ. ದೋಣಿಯ ಒಂದೊಂದು ಕೊಂಡಿಯೂ ಪರಿಚಯ ಆಗುವುದು ಈ ಸುತ್ತಿನಲ್ಲೇ.

ಗಾಳಿ ಹಿಂದಿನಿಂದ ಇದ್ದಾಗ ದೊಡ್ಡ ಹಾಯಿಯ ಬೂಮ್, ಅಂದರೆ ಅದರ ಕೆಳಗಿನ ಅಡ್ಡಕೋಲು, ಇದ್ದಕ್ಕಿದ್ದಂತೆ ಆ ಬದಿಯಿಂದ ಈ ಬದಿಗೆ ಬೀಸಬಹುದು. ತಲೆಗೆ ಬಡಿದರೆ ಪ್ರಾಣಕ್ಕೇ ಅಪಾಯ. ಪ್ರಿವೆಂಟರ್ ಹಗ್ಗ ಕಟ್ಟಿ ಬೂಮನ್ನು ಹಿಡಿದಿಟ್ಟಿರಬೇಕು. ಅದು ಕಟ್ಟಿದೆಯಾ ಅಂತ ಪಾಳಿಗೆ ಬಂದ ಪ್ರತಿಯೊಬ್ಬರೂ ಕೈಯಿಂದ ಮುಟ್ಟಿ ನೋಡಬೇಕು.

ಸಂಜೆಯಾದ ಮೇಲೆ ಸ್ಕ್ವಾಲ್. ನಕ್ಷತ್ರಗಳ ನಡುವೆ ಒಂದು ಕಪ್ಪು ತೇಪೆ ಹಿಂದಿನಿಂದ ಬರುವುದು ಕಾಣುತ್ತದೆ. ರೇಡಾರ್ ಇದ್ದರೆ ಮೊದಲೇ ಗೊತ್ತಾಗುತ್ತದೆ. 18 ನಾಟ್ ಇದ್ದ ಗಾಳಿ ಕೆಲವೇ ನಿಮಿಷಗಳಲ್ಲಿ 30, 35 ಆಗುತ್ತದೆ, ಜೊತೆಗೆ ಮಳೆ, ಅರ್ಧ ಗಂಟೆಯಲ್ಲಿ ಎಲ್ಲಾ ಮುಗಿದು ಗಾಳಿಯೇ ಇಲ್ಲದ ಹಾಗೆ. ಆದ್ದರಿಂದ ಕತ್ತಲಾಗುವ ಮೊದಲೇ ಹಾಯಿಯನ್ನು ರೀಫ್ ಮಾಡಿ ಚಿಕ್ಕದು ಮಾಡಿಕೊಳ್ಳಿ. ದಿನಕ್ಕೆ ಹತ್ತು ಮೈಲಿ ಕಡಿಮೆಯಾದರೆ ಆಗಲಿ. ಎಲ್ಲರೂ ಮಲಗುತ್ತಾರೆ.

ಗಾಳಿ ಇಲ್ಲದಿದ್ದರೆ ಎಂಜಿನ್ ಇದೆಯಲ್ಲ ಅನ್ನಬಹುದು. 200 ಲೀಟರ್ ಡೀಸೆಲ್ ಇದ್ದು ಗಂಟೆಗೆ 3 ಲೀಟರ್ ಕುಡಿದರೆ 66 ಗಂಟೆ. 5 ನಾಟ್‌ನಲ್ಲಿ 330 ಮೈಲಿ. ದಾರಿ 2,700. ಬ್ಯಾಟರಿ ತುಂಬಲೂ ಅದೇ ಡೀಸೆಲ್ ಬೇಕಾಗಬಹುದು. ಗಾಳಿ ಬರುವ ತನಕ ಕಾಯುವುದನ್ನೂ ಕಲಿಯಬೇಕು.

ಈಗ ನಿಮ್ಮ ಅಮ್ಮನ ಪ್ರಶ್ನೆ. ಬಹಳ ಸರಿಯಾದ ಪ್ರಶ್ನೆ ಅದು.

ನಡುಸಮುದ್ರಕ್ಕೆ ಹೆಲಿಕಾಪ್ಟರ್ ಬರುವುದಿಲ್ಲ, ಅಷ್ಟು ದೂರ ಅದಕ್ಕೆ ಹಾರಲು ಆಗುವುದಿಲ್ಲ. ಇಪರ್ಬ್ ಅನ್ನುವ ತುರ್ತು ಸಂಕೇತದ ಯಂತ್ರ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ರಕ್ಷಣಾ ಕೇಂದ್ರಕ್ಕೆ ಹೋಗುತ್ತದೆ. ಅವರು ಹತ್ತಿರದ ಹಡಗನ್ನು ನಿಮ್ಮ ಕಡೆ ತಿರುಗಿಸುತ್ತಾರೆ. ಸಮುದ್ರದಲ್ಲಿ ಅಪಾಯದಲ್ಲಿರುವವರಿಗೆ ನೆರವಾಗುವುದು ಹಡಗಿನ ಕ್ಯಾಪ್ಟನ್‌ಗೆ ಕಾನೂನಿನ ಕರ್ತವ್ಯ. ಬರುತ್ತಾರೆ, ಆದರೆ ಗಂಟೆಗಳು ಹಿಡಿಯಬಹುದು, ದಿನಗಳೂ ಹಿಡಿಯಬಹುದು. ಒಬ್ಬರೇ ಹಾಯಿದೋಣಿಯಲ್ಲಿ ಜಗತ್ತು ಸುತ್ತುವ 2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ನಮ್ಮ ದೇಶದ ನಾವಿಕ ಅಭಿಲಾಷ್ ಟೋಮಿ ಅವರ ದೋಣಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಮಗುಚಿ, ಕಂಬ ಮುರಿದು, ಅವರ ಬೆನ್ನಿಗೆ ಪೆಟ್ಟಾಯಿತು. ಸೆಪ್ಟೆಂಬರ್ 21ಕ್ಕೆ ಆದದ್ದು, ಫ್ರಾನ್ಸಿನ ಒಸಿರಿಸ್ ಹಡಗು ಅವರನ್ನು ಎತ್ತಿಕೊಂಡದ್ದು 24ಕ್ಕೆ. ನೀವು ಹೋಗುವ ದಾರಿ ಅಷ್ಟು ಒಂಟಿ ಅಲ್ಲ, ಹವೆಯೂ ಅಷ್ಟು ಕಠಿಣ ಅಲ್ಲ. ಅದೇ ಟೋಮಿ 2022ರಲ್ಲಿ ಶುರುವಾದ ಮುಂದಿನ ರೇಸಿಗೆ ಮತ್ತೆ ಇಳಿದು 2023ರಲ್ಲಿ ಎರಡನೆಯವರಾಗಿ ಮುಗಿಸಿದರು, ಇದನ್ನೂ ಅಮ್ಮನಿಗೆ ಹೇಳಿ.

ಆದರೆ ಯಾವ ಉಪಗ್ರಹವೂ ಸಹಾಯ ಮಾಡದ ಒಂದು ಸಂಗತಿ ಇದೆ: ನೀರಿಗೆ ಬೀಳುವುದು. 6 ನಾಟ್ ಅಂದರೆ ಸೆಕೆಂಡಿಗೆ 3 ಮೀಟರ್. ಒಂದು ನಿಮಿಷದಲ್ಲಿ ದೋಣಿ 185 ಮೀಟರ್ ಮುಂದೆ ಹೋಗಿರುತ್ತದೆ. ಎರಡು ಮೀಟರಿನ ಅಲೆಯಲ್ಲಿ ಒಬ್ಬರ ತಲೆ ಅಷ್ಟು ದೂರಕ್ಕೆ ಕಾಣುವುದಿಲ್ಲ. ಗಾಳಿ ಹಿಂದಿನಿಂದ ಇದ್ದು ಕೋಲು ಕೊಟ್ಟು ಅಗಲಿಸಿ ಕಟ್ಟಿದ ಹಾಯಿಗಳಿದ್ದರೆ ಅದನ್ನೆಲ್ಲಾ ಇಳಿಸಿ ತಿರುಗಲು ಎಷ್ಟೋ ನಿಮಿಷ ಬೇಕು. ರಾತ್ರಿ ಒಬ್ಬರೇ ಇದ್ದಾಗ ಬಿದ್ದರೆ ಮುಂದಿನ ಪಾಳಿಯವರು ಏಳುವ ತನಕ ಯಾರಿಗೂ ಗೊತ್ತೇ ಆಗದೆ ಇರಬಹುದು. ಹಾಗಾಗಿ ಕತ್ತಲಾದ ಮೇಲೆ, ಒಬ್ಬರೇ ಇರುವಾಗ, ಕಾಕ್‌ಪಿಟ್‌ನಿಂದ ಮುಂದೆ ಹೋಗುವಾಗ ಲೈಫ್ ಜಾಕೆಟ್, ಹಾರ್ನೆಸ್, ದೋಣಿಗೆ ಸಿಕ್ಕಿಸಿದ ಕೊಕ್ಕೆ. ಮೆಟ್ಟಿಲು ಹತ್ತಿ ಹೊರಬರುವ ಮೊದಲೇ ಸಿಕ್ಕಿಸಿ, ಪೂರ್ತಿ ಕೆಳಗಿಳಿದ ಮೇಲೆ ಬಿಚ್ಚಿ. ಕಾಕ್‌ಪಿಟ್‌ನಿಂದ ಮುಂದೆ ಏನಾದರೂ ಕೆಲಸ ಬಂದರೆ ಇನ್ನೊಬ್ಬರನ್ನು ಎಬ್ಬಿಸಿ. ಅವರ ನಿದ್ದೆ ಕೆಡುತ್ತದೆ ಅಂತ ಸಂಕೋಚ ಪಡಬೇಡಿ. ಅಮ್ಮನಿಗೆ ಕೊಡಬಹುದಾದ ನಿಜವಾದ ಮಾತು ಇದು, ‘ನಾನು ಯಾವಾಗಲೂ ಕೊಕ್ಕೆ ಸಿಕ್ಕಿಸಿಕೊಂಡಿರುತ್ತೇನೆ’ ಅಂತ.

ಅಲೆಮಾರಿ_ಅಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಂಟುಗಾರ ಅವರ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಕೊಕ್ಕೆ ಹೇಗಿರುತ್ತದೆ ತೋರಿಸು ಅಂದರು.

ಜಗಳದ ವಿಷಯ ಯಾರೂ ಬರೆದಿಲ್ಲ. ಇನ್ನೊಂದು: ಯಜಮಾನರು ಸ್ಟಾರ್‌ಲಿಂಕ್ ಹಾಕಿಸಿದ್ದಾರೆ. ನಡುಸಮುದ್ರದಲ್ಲೂ ಇಂಟರ್ನೆಟ್ ಇರುತ್ತದೆ. ಇದು ಒಳ್ಳೆಯದಾ? ಸುಮ್ನೆ ಕೇಳುತ್ತಿದ್ದೇನೆ, ನನಗೆ ಎರಡು ಮನಸ್ಸು.

ತೆಂಕಣಗಾಳಿ

ಜಗಳ ಆಗುತ್ತದೆ. ದೊಡ್ಡ ವಿಷಯಕ್ಕೆ ಅಲ್ಲ. ದೊಡ್ಡ ಸಮಸ್ಯೆ ಬಂದರೆ ನಾಲ್ಕೂ ಜನ ಒಂದಾಗಿ ನಿಲ್ಲುತ್ತಾರೆ, ನೋಡಿದರೆ ಕಣ್ಣು ತುಂಬುತ್ತದೆ. ಜಗಳ ಬರುವುದು ತೊಳೆಯದ ಲೋಟಕ್ಕೆ, ಪಾಳಿಗೆ ಐದು ನಿಮಿಷ ತಡವಾಗಿ ಬಂದದ್ದಕ್ಕೆ, ಒಬ್ಬರು ತಲೆ ತೊಳೆಯಲು ಎರಡು ಲೀಟರ್ ಬಳಸಿದ್ದಕ್ಕೆ. ನಿದ್ದೆಗೆಟ್ಟವರಿಗೆ ಇವೆಲ್ಲಾ ಬೆಟ್ಟದಷ್ಟು ಕಾಣುತ್ತವೆ. ಎದುರಿಗಿದ್ದವರು ಬದಲಾದರು ಅನ್ನಿಸುತ್ತದೆ. ಬದಲಾಗಿರುವುದಿಲ್ಲ, ದಣಿದಿರುತ್ತಾರೆ, ನೀವೂ ದಣಿದಿರುತ್ತೀರಿ. ಏನೇ ಇದ್ದರೂ ಅವತ್ತೇ, ಹಗಲಿನಲ್ಲಿ, ಮೆಲ್ಲಗೆ ಹೇಳಿಬಿಡಿ. ಒಳಗಿಟ್ಟುಕೊಂಡರೆ ಹೋಗಿ ತಣ್ಣಗಾಗಲು ಅಲ್ಲಿ ಬೇರೆ ಜಾಗ ಇಲ್ಲ.

ದಿನಕ್ಕೆ ಒಂದು ಊಟವಾದರೂ ನಾಲ್ಕೂ ಜನ ಒಟ್ಟಿಗೆ ಮಾಡಿ. ಪಾಳಿಯ ಕಾರಣ ಒಬ್ಬರಿಗೊಬ್ಬರು ಮುಖ ನೋಡುವುದೇ ಕಡಿಮೆ ಆಗುತ್ತದೆ, ಒಬ್ಬರು ಏಳುವಾಗ ಇನ್ನೊಬ್ಬರು ಮಲಗಿರುತ್ತಾರೆ. ಸಂಜೆ ಬೆಳಕಿರುವಾಗ ಕಾಕ್‌ಪಿಟ್‌ನಲ್ಲಿ ಕೂತು ಉಣ್ಣುವ ಆ ಅರ್ಧ ಗಂಟೆಯಲ್ಲೇ ಹವಾಮಾನದ ಮಾತು, ರಾತ್ರಿಯ ಹಾಯಿಯ ಮಾತು, ಮನಸ್ಸಿನ ಮಾತು ಎಲ್ಲಾ ಆಗಬೇಕು. ಹಾಗೆಯೇ ಯಾರಾದರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದರೆ ಅವರನ್ನು ಮಾತಾಡಿಸಬೇಡಿ. ಅಷ್ಟು ಚಿಕ್ಕ ಜಾಗದಲ್ಲಿ ಗೋಡೆ ಅಂದರೆ ಅದೊಂದೇ. ಇನ್ನು ನೀವು ಹೋಗುತ್ತಿರುವುದು ಗಂಡ ಹೆಂಡತಿಯ ದೋಣಿಗೆ. ಅವರಿಬ್ಬರ ನಡುವಿನ ಮಾತಿಗೆ ಹೋಗಬೇಡಿ, ಯಾರ ಪರವೂ ವಹಿಸಬೇಡಿ. ಹಾಯಿಯ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಒಮ್ಮೆ ಸ್ಪಷ್ಟವಾಗಿ ಹೇಳಿ, ಆಮೇಲೆ ಯಜಮಾನರು ಹೇಳಿದಂತೆ ಮಾಡಿ.

ಇಂಟರ್ನೆಟ್ ಬಗ್ಗೆ ನನ್ನ ಮಾತು ನೇರ: ಹವಾಮಾನ ನೋಡಲು, ವೈದ್ಯರನ್ನು ಕೇಳಲು, ಮನೆಗೆ ದಿನಕ್ಕೊಂದು ಸಂದೇಶ ಕಳಿಸಲು ಇರಲಿ. ಉಳಿದ ಹೊತ್ತು ಆರಿಸಿಡಿ. ಅದು ವಿದ್ಯುತ್ತನ್ನೂ ತಿನ್ನುತ್ತದೆ. ಅದಕ್ಕಿಂತ ದೊಡ್ಡದು, ಎಂಟು ಹತ್ತು ದಿನ ಕಳೆದ ಮೇಲೆ ಮನಸ್ಸಿಗೆ ಒಂದು ಬಗೆಯ ನಿಧಾನ ಬರುತ್ತದೆ. ಇವತ್ತು ಯಾವ ವಾರ ಅಂತ ಮರೆಯುತ್ತದೆ. ಒಂದು ಮೋಡವನ್ನು ಒಂದು ಗಂಟೆ ನೋಡಬಹುದು. ಫೋನ್ ತೆರೆದಿದ್ದರೆ ಅದು ಬರುವುದೇ ಇಲ್ಲ, ದಡದ ಗಡಿಬಿಡಿಯನ್ನೇ ಸಮುದ್ರದ ನಡುವೆ ಹೊತ್ತುಕೊಂಡು ಹೋದ ಹಾಗೆ ಆಗುತ್ತದೆ. ಇಷ್ಟು ದೂರ ಹೋಗುವುದು ಮತ್ತೆ ಯಾಕೆ, ಅಲ್ವಾ?

ನಸುಕಿನಪಾಳಿ

ತೆಂಕಣಗಾಳಿ ಅವರ ಮಾತಿಗೆ ಅರ್ಧ ಒಪ್ಪುತ್ತೇನೆ. ಎಲ್ಲರಿಗೂ ಮನೆ ಒಂದೇ ತರ ಇರುವುದಿಲ್ಲ. ಚಿಕ್ಕ ಮಗುವನ್ನು ಬಿಟ್ಟು ಬಂದವರಿಗೆ, ಹುಷಾರಿಲ್ಲದ ಅಪ್ಪ ಅಮ್ಮ ಇರುವವರಿಗೆ ದಿನಾ ಧ್ವನಿ ಕೇಳಿದರೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತದೆ. ಪೂರ್ತಿ ಮೌನವೇ ಉತ್ತಮ ಅಂತ ಎಲ್ಲರಿಗೂ ಹೇಳಲು ಆಗುವುದಿಲ್ಲ. ಪಾಳಿಯಲ್ಲಿರುವವರು ಫೋನ್ ಮುಟ್ಟಬಾರದು, ಇದೊಂದು ನಿಯಮ ಸಾಕು. ಹಾಗೆಯೇ ಮನೆಯವರಿಗೆ ಮೊದಲೇ ಹೇಳಿಡಿ, ಸಂದೇಶ ಎರಡು ದಿನ ಬರದಿದ್ದರೆ ಯಂತ್ರ ಕೆಟ್ಟಿದೆ ಅಂತ ತಿಳಿಯಿರಿ, ಗಾಬರಿ ಬೇಡ ಅಂತ. ಹೇಳದೆ ಹೋದರೆ ಮೌನ ಅವರಿಗೆ ಬಹಳ ಭಾರ.

ಗಡಿಯಾರದ ಮಾತು ಬಿಟ್ಟುಹೋಗಿತ್ತು. ಕ್ಯಾನರಿಗೂ ಸೇಂಟ್ ಲೂಸಿಯಾಕ್ಕೂ ನಾಲ್ಕು ಗಂಟೆ ವ್ಯತ್ಯಾಸ. ಪಶ್ಚಿಮಕ್ಕೆ ಹೋಗುತ್ತಾ ಸೂರ್ಯೋದಯ ತಡವಾಗುತ್ತಾ ಹೋಗುತ್ತದೆ. ಲಾಗ್ ಪುಸ್ತಕ ಯುಟಿಸಿಯಲ್ಲೇ (ಜಗತ್ತಿಗೆಲ್ಲಾ ಒಂದೇ ಆದ ಸಮಯ) ಇರಲಿ, ಊಟದ ಗಡಿಯಾರವನ್ನು ನಾಲ್ಕೈದು ದಿನಕ್ಕೊಮ್ಮೆ ಒಂದು ಗಂಟೆ ಹಿಂದೆ ಮಾಡಿ. ಆ ಜಾಸ್ತಿ ಗಂಟೆ ಯಾರ ಪಾಳಿಗೆ ಸೇರುತ್ತದೆ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಉಡುಪಿನ ವಿಷಯಕ್ಕೂ ಒಂದು ಮಾತು. ಲಾಸ್ ಪಾಲ್ಮಾಸ್ 28 ಡಿಗ್ರಿ ಉತ್ತರದಲ್ಲಿದೆ, ಸೇಂಟ್ ಲೂಸಿಯಾ 14ರಲ್ಲಿ. ಮೊದಲ ವಾರದ ರಾತ್ರಿಗಳಿಗೆ ದಪ್ಪ ಜಾಕೆಟ್, ಟೋಪಿ ಬೇಕು. ಕೊನೆಯ ವಾರ ರಾತ್ರಿಯೂ ಬೆವರುತ್ತೀರಿ.

ಗಂಟುಗಾರ

ಕೊನೆಗೆ ಒಂದು ಕೆಲಸ, ಹೊರಡುವ ಮೊದಲು ಮಾಡಲೇಬೇಕಾದದ್ದು. ಯಜಮಾನರನ್ನು ಕೇಳಿ, ನಾಲ್ಕೂ ಜನ ಒಟ್ಟಿಗೆ ಎರಡು ರಾತ್ರಿ ಸಮುದ್ರದಲ್ಲಿ ಕಳೆದು ಬನ್ನಿ. ಪಾಳಿ ಹಾಕಿ, ಅಡುಗೆ ಮಾಡಿ, ಕತ್ತಲಲ್ಲಿ ಹಾಯಿ ರೀಫ್ ಮಾಡಿ, ಒಂದು ಫೆಂಡರ್ (ದೋಣಿಯ ಬದಿಗೆ ಕಟ್ಟುವ, ತೇಲುವ ಮೆತ್ತೆ) ನೀರಿಗೆ ಎಸೆದು ತಿರುಗಿ ಹೋಗಿ ಎತ್ತಿಕೊಳ್ಳುವ ಅಭ್ಯಾಸ ಮಾಡಿ. ಆ ಅಭ್ಯಾಸದಲ್ಲಿ ಯಜಮಾನರೇ ನೀರಿಗೆ ಬಿದ್ದಿದ್ದಾರೆ ಅಂತ ಅಂದುಕೊಳ್ಳಿ, ಉಳಿದ ಮೂವರಿಗೆ ದೋಣಿ ನಿಲ್ಲಿಸಲು ಬರುತ್ತದಾ ನೋಡಿ. ಲೈಫ್ ರಾಫ್ಟ್ ಎಲ್ಲಿ, ಇಪರ್ಬ್ ಎಲ್ಲಿ, ದೋಣಿಯ ತಳದಲ್ಲಿ ನೀರು ಒಳಬರುವ ಕವಾಟಗಳು ಎಲ್ಲೆಲ್ಲಿವೆ, ಗ್ಯಾಸ್ ಎಲ್ಲಿ ಬಂದ್ ಮಾಡುವುದು, ಇವನ್ನು ಕಣ್ಣು ಮುಚ್ಚಿಕೊಂಡು ಮುಟ್ಟಲು ಬರಬೇಕು. ಹಲ್ಲಿನ ವೈದ್ಯರಿಗೂ ಒಮ್ಮೆ ತೋರಿಸಿ, ನಡುದಾರಿಯಲ್ಲಿ ಹಲ್ಲುನೋವು ಬಂದರೆ ಬಹಳ ಕಷ್ಟ.

ಆ ಎರಡು ರಾತ್ರಿಗೆ ಯಜಮಾನರು ಒಪ್ಪದಿದ್ದರೆ, ಸಮಯ ಇಲ್ಲ ಅಂದರೆ, ನಾನಾಗಿದ್ದರೆ ಆ ದೋಣಿ ಹತ್ತುತ್ತಿರಲಿಲ್ಲ. ಒಪ್ಪಿದರೆ ಹೋಗಿ ಬನ್ನಿ, ಆಮೇಲೆ ಹೇಗಾಯಿತು ಅಂತ ಇಲ್ಲೇ ಬರೆಯಿರಿ. ಆಗ ಪಾಳಿಯ ಪಟ್ಟಿ, ಸಾಮಾನಿನ ಪಟ್ಟಿ ಕೂತು ಮಾಡೋಣ.